ದಾಖಲೆ ಮುರಿದ ಕಾರು ಸೆಕೆಂಡ್ ಹ್ಯಾಂಡ್ ಆದಾಗ

ಹಳೆಯ ಸ್ಪೋರ್ಟ್ಸ್ ಕಾರು ರಿಪೇರಿಗೆ ಬಂದರೆ ನಾನು ಮೊದಲು ಬಾನೆಟ್ ಎತ್ತುವುದಿಲ್ಲ. ಟಾರ್ಚ್ ಹಿಡಿದು ತೂತು ಹುಡುಕುತ್ತೇನೆ. ಇಂಜಿನ್ ಬದಲಾಗಿರಬಹುದು, ಬಣ್ಣ ನಾಲ್ಕು ಸಲ ಬಳಿದಿರಬಹುದು. ಆದರೆ ಯಾರೋ ಡ್ರಿಲ್ ಹಾಕಿದ ಜಾಗವನ್ನು ಪೂರ್ತಿ ಅಳಿಸುವುದು ಸುಲಭವಲ್ಲ.

ಒಮ್ಮೆ ಹೀಗೇ ಬಂದ ಕಾರಿನಲ್ಲಿ, ಪಕ್ಕದ ಸೀಟಿನ ಜಾಗದ ಸುತ್ತ, ಬಾಗಿಲಿನ ಅಂಚಿನಿಂದ ಡ್ಯಾಶ್‌ಬೋರ್ಡಿನ ಮೇಲಿನವರೆಗೆ ಬಣ್ಣದಡಿ ಸಣ್ಣ ಸಣ್ಣ ಗುಳಿಗಳು ಕಂಡವು. ಪುಟ್ಟಿ ಕೆರೆದರೆ ಸಾಲಾಗಿ ತೂತುಗಳು. "ತುಕ್ಕು ಇರಬೇಕು, ಮುಚ್ಚಿಬಿಡಿ" ಅಂದರು ಮಾಲೀಕರು. ತುಕ್ಕು ಅಳತೆ ಹಿಡಿದು ತಿನ್ನುವುದಿಲ್ಲ, ಅಲ್ವಾ? ಅಲ್ಲಿ ಯಾವತ್ತೋ ಒಂದು ತಗಡಿನ ಮುಚ್ಚಳ ಕೂತಿತ್ತು.

ತೆರೆದ ಕಾರು ಜೋರಾಗಿ ಓಡುವಾಗ ಖಾಲಿ ಸೀಟಿನ ಗುಂಡಿಯಲ್ಲಿ ಗಾಳಿ ಸುಳಿ ಸುತ್ತಿ ವೇಗ ತಿನ್ನುತ್ತದೆ. ಅದಕ್ಕೇ ವೇಗದ ದಾಖಲೆಗೆ ಹೊರಟವರು ಆ ಸೀಟನ್ನು ತಗಡಿನಿಂದ ಮುಚ್ಚುತ್ತಿದ್ದರು. ಮುಂದಿನ ಗಾಜು ಕಿತ್ತು, ಡ್ರೈವರ್ ಮುಂದೆ ಮಾತ್ರ ಅಂಗೈಯಗಲದ ಪ್ಲಾಸ್ಟಿಕ್ ಪರದೆ ಇಡುತ್ತಿದ್ದರು. ಬಂಪರ್ ಬಿಚ್ಚಿ, ಹೊಟ್ಟೆಯಡಿ ತಗಡು ಹಾಸಿ, ಹಿಂದಿನ ಚಕ್ರಗಳಿಗೆ ಮರೆ ಕಟ್ಟುತ್ತಿದ್ದರು. 1953ರ ಮೇ ತಿಂಗಳಲ್ಲಿ ಬೆಲ್ಜಿಯಮ್ಮಿನ ಯಾಬೆಕೆ ಹೆದ್ದಾರಿಯಲ್ಲಿ ಇಂಗ್ಲೆಂಡಿನ ಟ್ರಯಂಫ್ ಕಂಪನಿಯ ಟಿಆರ್2 ಕಾರು ಹೀಗೇ ಓಡಿತು. ನಂಬರ್ ಎಂವಿಸಿ 575, ಸ್ಟಿಯರಿಂಗ್ ಹಿಡಿದವರು ಕೆನ್ ರಿಚರ್ಡ್‌ಸನ್, ವೇಗ ಗಂಟೆಗೆ 124.889 ಮೈಲಿ. ಅಂದರೆ ಸುಮಾರು 201 ಕಿಲೋಮೀಟರ್. ಜಾಹೀರಾತಿಗೆ ಅಷ್ಟು ಸಾಕಾಗಿತ್ತು.

ಆಮೇಲೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುವ ಹಾಗೆ, ಮೂರು ವರ್ಷಕ್ಕೆ ಕಂಪನಿ ಅದನ್ನು ಮಾರಿಬಿಟ್ಟಿತು. ಮಾಮೂಲಿ ಕಾರಾಗಿ ಅದು ದಶಕಗಳ ಕಾಲ ಕೈ ಬದಲಿಸಿತು. ಈಗ ಅದನ್ನು ಮತ್ತೆ ಯಾಬೆಕೆಯ ದಿನದ ರೂಪಕ್ಕೆ ತಂದಿದ್ದಾರೆ.

ಇದನ್ನು ಕೇಳಿದವರು ಕಂಪನಿಯನ್ನು ಬೈಯುತ್ತಾರೆ. ನಾನು ಬೈಯುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಅದು ಸವೆದ ಡೆಮೊ ಗಾಡಿ, ಅಷ್ಟೇ. ಮುಂದಿನ ಮಾಡೆಲ್ ಬಂದ ಮೇಲೆ ಹಳೆಯದಕ್ಕೆ ಶೆಡ್‌ನಲ್ಲಿ ಜಾಗ ಕೊಡುವವರು ಯಾರು? 1961ರ ಜಿನೀವಾ ಪ್ರದರ್ಶನಕ್ಕೆ ಕಾವೆಂಟ್ರಿಯಿಂದ ಗಡಿಬಿಡಿಯಲ್ಲಿ ಓಡಿಸಿಕೊಂಡು ಹೋಗಿದ್ದ ಜಾಗ್ವಾರ್ ಇ-ಟೈಪ್, ನಂಬರ್ ಪ್ಲೇಟ್ 9600 ಎಚ್‌ಪಿ, ಪತ್ರಿಕೆಗಳ ಟೆಸ್ಟ್‌ನಲ್ಲಿ ಗಂಟೆಗೆ 150 ಮೈಲಿ ಮುಟ್ಟಿ ಜಗತ್ತಿನ ಬಾಯಿ ಮುಚ್ಚಿಸಿದ್ದು. ಅದೂ ಮಾರಾಟವಾಗಿ, ಹಾಳಾಗಿ, 1970ರ ದಶಕದಲ್ಲಿ ಪತ್ತೆಯಾದಾಗ ನೋಡುವ ಸ್ಥಿತಿಯಲ್ಲಿ ಇರಲಿಲ್ಲ.

ಆಸ್ಟನ್ ಮಾರ್ಟಿನ್ ಡಿಬಿ5ರದ್ದು ನನಗೆ ತುಂಬಾ ಇಷ್ಟದ ಕಥೆ. 1964ರ ಜೇಮ್ಸ್ ಬಾಂಡ್ ಚಿತ್ರದಲ್ಲಿ ಗನ್ನು, ಗುಂಡು ತಡೆಯುವ ಫಲಕ ಎಲ್ಲ ಇದ್ದ ಕಾರನ್ನು ಕಂಪನಿ 1968ರಲ್ಲಿ ಆ ಸಲಕರಣೆಗಳನ್ನೆಲ್ಲ ಬಿಚ್ಚಿ, ಬೇರೆ ನಂಬರ್ ಹಾಕಿ ಮಾರಿತು. ಕೊಂಡವರು ಮತ್ತೆ ಹೊಸ ಸಲಕರಣೆ ಮಾಡಿಸಿ ಕೂಡಿಸಿದರು! 1997ರಲ್ಲಿ ಫ್ಲೋರಿಡಾದ ಒಂದು ವಿಮಾನ ಹ್ಯಾಂಗರ್‌ನಿಂದ ಅದು ಕಳುವಾಯಿತು. 1965ರ ಬಾಂಡ್ ಚಿತ್ರದ ಪ್ರಚಾರಕ್ಕೆ ಅಂತಲೇ ಸಲಕರಣೆ ಹಾಕಿಸಿದ್ದ ಇನ್ನೊಂದು ಡಿಬಿ5 ತೆರೆಯ ಮೇಲೆ ಬಂದೇ ಇರಲಿಲ್ಲ. ಅದು 2019ರ ಹರಾಜಿನಲ್ಲಿ ಸುಮಾರು 64 ಲಕ್ಷ ಡಾಲರ್‌ಗೆ ಹೋಯಿತು. ಸುಮ್ನೆ ಊರೂರು ಸುತ್ತಿ ಪೋಸ್ ಕೊಟ್ಟ ಕಾರಿಗೆ!

ಎಲ್ಲವೂ ಮಾರಾಟಕ್ಕೆ ಬರುವುದಿಲ್ಲ. 1998ರಲ್ಲಿ ಗಂಟೆಗೆ 240.1 ಮೈಲಿ ಓಡಿದ ಮೆಕ್‌ಲಾರೆನ್ ಎಫ್1 ಕಾರಿನ ಪರೀಕ್ಷಾ ಮಾದರಿ ಎಕ್ಸ್‌ಪಿ5 ಕಂಪನಿಯ ಬಳಿಯೇ ಉಳಿಯಿತು. ಅದರ ಅಣ್ಣ ಎಕ್ಸ್‌ಪಿ2 ಕ್ರ್ಯಾಶ್ ಟೆಸ್ಟ್‌ಗೆ ಹೋಯಿತು. ಮಾರಾಟಕ್ಕೆ ಮುಂಚಿನ ಮಾದರಿಗಳ ಹಣೆಬರಹ ಹೆಚ್ಚಾಗಿ ಇದೇ. ರಸ್ತೆಗೆ ಬೇಕಾದ ಅನುಮತಿ ಇರುವುದಿಲ್ಲ. ನಾಳೆ ಅಪಘಾತವಾದರೆ ಕೇಸು ಕಂಪನಿಯ ತಲೆಗೆ. ಆದ್ದರಿಂದ ಕ್ರಶರ್‌ಗೆ ಹಾಕುವುದೇ ಅಗ್ಗ. ಅಮೆರಿಕದ ಕಾಲೇಜುಗಳಿಗೆ ಕಲಿಕೆಗೆಂದು ಕೊಟ್ಟಿದ್ದ ಆರಂಭದ ಡಾಡ್ಜ್ ವೈಪರ್‌ಗಳನ್ನು ಪುಡಿ ಮಾಡಿ ಅಂತ 2014ರಲ್ಲಿ ಕಂಪನಿಯೇ ಹೇಳಿತ್ತು.

2018ರಲ್ಲಿ ರಾಕೆಟ್‌ನಲ್ಲಿ ಹೋದ ಟೆಸ್ಲಾ ರೋಡ್‌ಸ್ಟರ್ ಮಾತ್ರ ಯಾವ ಕ್ರಶರ್‌ಗೂ ಸಿಗುವುದಿಲ್ಲ. ಸೂರ್ಯನ ಸುತ್ತ ತಿರುಗುತ್ತಲೇ ಇದೆ. 2025ರ ಜನವರಿಯಲ್ಲಿ ಅದನ್ನು ಹೊಸ ಕ್ಷುದ್ರಗ್ರಹ ಅಂತ ಪಟ್ಟಿಗೆ ಸೇರಿಸಿ, ಒಂದು ದಿನ ಕಳೆಯುವಷ್ಟರಲ್ಲಿ ತೆಗೆದರು.

ನಮ್ಮ ಕಸುಬಿಗೆ ಮುಂದೆ ಬರುವ ತಲೆನೋವು ಬೇರೆ. ಈಗ ಕೆಲವು ಜಾಹೀರಾತುಗಳಲ್ಲಿ ಓಡುವುದು ಕಾರೇ ಅಲ್ಲ. ಉದ್ದ ಅಗಲ ಹಿಗ್ಗಿಸಬಹುದಾದ ಚಾಸಿ, ಅಂದರೆ ಚಕ್ರವಿರುವ ಬರೀ ತಳದ ಚೌಕಟ್ಟು, ಓಡಿಸಿ, ಮೇಲಿನ ಮೈಯನ್ನು ಕಂಪ್ಯೂಟರ್‌ನಲ್ಲಿ ಹೊದಿಸುತ್ತಾರೆ. ಅಂಥದ್ದರಲ್ಲಿ ನಾನು ತೂತು ಎಲ್ಲಿ ಹುಡುಕಲಿ?

ಮೊದಲು ಹೇಳಿದ ಆ ತೂತಿನ ಕಾರಿನ ವಿಷಯಕ್ಕೆ ಬರುತ್ತೇನೆ. ತೂತು ಇದ್ದ ಮಾತ್ರಕ್ಕೆ ದಾಖಲೆಯ ಕಾರು ಅನ್ನಲಾಗದು. ಕ್ಲಬ್ ರೇಸಿಗೂ ಇಂಥ ಮುಚ್ಚಳ ಹಾಕುತ್ತಿದ್ದರು. ಚಾಸಿ ನಂಬರ್, ಕಾರ್ಖಾನೆಯ ದಾಖಲೆ, ಆ ದಿನದ ಫೋಟೋ ಮೂರೂ ಹೊಂದಬೇಕು. ನಮಗೆ ಸಿಕ್ಕಿದ್ದು ನಂಬರ್ ಒಂದೇ. ಮಾಲೀಕರಿಗೆ ಬೇಸರವಾಯಿತು. ಆದರೂ ಬೆಸುಗೆ ಬೇಡ ಅಂತ ಒಪ್ಪಿಸಿದೆ. ಅಂಚುಗಳಿಗೆ ತುಕ್ಕು ಹಿಡಿಯದ ಬಣ್ಣ ಹಚ್ಚಿ, ಪ್ರತಿ ತೂತಿಗೂ ಒಂದೊಂದು ರಬ್ಬರ್ ಬಿರಡೆ ಒತ್ತಿದೆ. ಫೋಟೋ ಸಿಕ್ಕ ದಿನ ಬೆರಳಲ್ಲೇ ಕೀಳಬಹುದು.