ಚಿರೆಕಲ್ಲಿನ ಅಡಿಯಲ್ಲಿರುವ ಶೇಡಿ

ಕಾರವಾರ, ಅಂಕೋಲಾ ಕಡೆ ಹೊಸದಾಗಿ ಕಡಿದ ಧರೆ, ಅಂದರೆ ಗುಡ್ಡದ ನೆಟ್ಟನೆಯ ಬದಿ, ಕಂಡರೆ ಮೇಲಿನಿಂದ ಕೆಳಗೆ ಒಮ್ಮೆ ನೋಡಿ. ನೆತ್ತಿಯಲ್ಲಿ ತೂತುತೂತಾದ ಚಿರೆಕಲ್ಲು, ಅದರಡಿ ಕೆಂಪು ಹಳದಿ ಬೆರೆತ ಮೆತ್ತನೆಯ ಮಣ್ಣು, ಇನ್ನೂ ಕೆಳಗೆ ಶೇಡಿ ಎಂಬ ಬಿಳಿಚಿದ ನುಣ್ಣನೆಯ ಮಣ್ಣು, ತಳದಲ್ಲಿ ಗಟ್ಟಿ ಬಂಡೆ. ಮೇಲಿನ ಮೂರೂ ಸಾಮಾನ್ಯವಾಗಿ ಆ ಬಂಡೆಯೇ ಕೊಳೆತು ಆದವು. ಮಳೆನೀರು ಸಿಲಿಕಾ, ಸುಣ್ಣದ ಅಂಶಗಳನ್ನು ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡನ್ನು ಬಿಟ್ಟುಹೋಗುತ್ತದೆ. ಬ್ರಿಟಿಷ್ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಚಿರೆಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಚಿರೆಕಲ್ಲಿಗೆ ನಮ್ಮಲ್ಲಿರುವ ಇನ್ನೊಂದು ಹೆಸರಾದ ಜಂಬಿಟ್ಟಿಗೆಯಲ್ಲಿ ಆ ಇಟ್ಟಿಗೆ ಮೊದಲೇ ಇತ್ತು!

ಬಂಡೆ ಯಾವ ಜಾತಿಯದು, ಎಷ್ಟು ಹಳೆಯದು ಎಂಬುದು ಭೂವಿಜ್ಞಾನದ ಪ್ರಶ್ನೆ. ಇಳಿಜಾರು ಹೀಗೇಕಾಯಿತು, ನೀರು ಮಣ್ಣನ್ನು ಎಲ್ಲಿಂದ ಎಲ್ಲಿಗೆ ಒಯ್ಯುತ್ತಿದೆ ಎಂದು ಕೇಳುವುದು ಭೂರೂಪವಿಜ್ಞಾನ. ಅಮೆರಿಕದಲ್ಲಿ ಇದನ್ನು ಹೆಚ್ಚಾಗಿ ಭೂವಿಜ್ಞಾನ ವಿಭಾಗಗಳು ಕಲಿಸುತ್ತವೆ, ಬ್ರಿಟನ್ನಿನಲ್ಲಿ ಭೂಗೋಳ ವಿಭಾಗಗಳು. ಭೂಗೋಳವೇ ಇದರ ತವರು ಎನ್ನಬೇಕು. ಮಳೆ, ರಸ್ತೆ, ತೋಟ, ಮನೆ ಎಲ್ಲವನ್ನೂ ಒಟ್ಟಿಗೆ ನೋಡದೆ ನಮ್ಮ ಗುಡ್ಡಗಳು ಅರ್ಥವಾಗುವುದಿಲ್ಲ.

ಚಿರೆಕಲ್ಲಿನ ತೂತುಗಳಲ್ಲಿ ಮಳೆನೀರು ಸರಾಗ ಇಳಿಯುತ್ತದೆ. ಶೇಡಿಯ ಕಣಗಳು ತೀರಾ ಸಣ್ಣವು; ಅಲ್ಲಿ ನೀರು ತೀರಾ ನಿಧಾನವಾಗಿ ಇಳಿಯುತ್ತದೆ. ನಿಂತ ನೀರು ಕಣಗಳ ನಡುವೆ ಒತ್ತಡ ಹೆಚ್ಚಿಸಿ ಅವುಗಳ ಪರಸ್ಪರ ಹಿಡಿತ ಸಡಿಲಿಸುತ್ತದೆ. ನೆನೆದ ಮೇಲ್ಪದರದ ಭಾರವೂ ಏರುತ್ತದೆ. ಆದರೂ ಗುಡ್ಡದ ಬುಡ ಆ ಭಾರಕ್ಕೆ ಎದೆಕೊಟ್ಟು ನಿಂತಿರುತ್ತದೆ. ಬುಡವನ್ನೇ ನೆಟ್ಟಗೆ ಕಡಿದರೆ ಆ ಆಸರೆ ಹೋಯಿತು. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ ಭಾರೀ ಮಳೆಗೆ ಗುಡ್ಡ ಮನೆಗಳ ಮೇಲೆ ಜರಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಮಣ್ಣು ಗಂಗಾವಳಿ ನದಿಯವರೆಗೂ ಹೋಯಿತು.

ಕುಸಿಯುವ ಮೊದಲು ಗುಡ್ಡ ಹಲವು ಸಲ ಸುಳಿವು ಕೊಡುತ್ತದೆ. ನೆತ್ತಿಯಲ್ಲಿ ಬಿಲ್ಲಿನಾಕಾರದ ಬಿರುಕು, ಕೆಳಕ್ಕೆ ವಾಲಿದ ಮರಗಳು, ತಿಳಿಯಾಗಿದ್ದ ಒರತೆಯಲ್ಲಿ ಒಮ್ಮೆಲೇ ರಾಡಿ. ಸುರಿಯುವ ಮಳೆಯಲ್ಲೇ ಒರತೆ ನಿಂತುಹೋದರೆ ಇನ್ನೂ ಅಪಾಯ: ನೀರು ಒಳಗೇ ಕಟ್ಟಿಕೊಂಡಿರಬಹುದು. ಆಗ ಧರೆಯ ಕೆಳಗಿನ ಮನೆ ಬಿಡಬೇಕು, ಬಿರುಕು ನೋಡಲೆಂದು ಮೇಲೆ ಹತ್ತಬಾರದು. ಬಿರುಕಿಗೆ ಜೇಡಿ ತುಂಬುವುದು, ಅದರ ಮೇಲ್ಗಡೆ ಕಾಲುವೆ ತೋಡಿ ನೀರನ್ನು ಪಕ್ಕಕ್ಕೆ ತಿರುಗಿಸುವುದು ಬೇಸಿಗೆಯ ಕೆಲಸ. ಕಾಲುವೆಯ ತಳ ಸೋರುವಂತಿದ್ದರೆ ಅದೇ ಗುಡ್ಡಕ್ಕೆ ನೀರು ಕುಡಿಸುತ್ತದೆ.

ಧರೆಗೆ ಕಟ್ಟಿದ ಕಾಂಕ್ರೀಟ್ ಗೋಡೆ ಉಬ್ಬಿ ಬಿದ್ದಾಗ ಜನ ಸಿಮೆಂಟನ್ನು ಬೈಯುತ್ತಾರೆ. ಮೊದಲು ನೋಡಬೇಕಾದ್ದು ನೀರು ಬಸಿಯಲು ಇಟ್ಟ ಪೈಪುಗಳನ್ನು. ಅವುಗಳ ಹಿಂದೆ ಜಲ್ಲಿ ತುಂಬದಿದ್ದರೆ ಶೇಡಿ ಬಂದು ಬಾಯಿ ಮುಚ್ಚುತ್ತದೆ, ಆಮೇಲೆ ಗೋಡೆ ಮಣ್ಣಿನ ಜೊತೆಗೆ ನೀರನ್ನೂ ಹೊರಬೇಕು.