ಇಬ್ಬರು ಬರೆದ ಕೂಡಲೇ ಬೋರ್ಡ್ ಕೆಡುವುದೇಕೆ?

ಪ್ರಶ್ನೆ: ವಿಆರ್ (ವರ್ಚುವಲ್ ರಿಯಾಲಿಟಿ) ಕೋಣೆಯೊಂದರಲ್ಲಿ ಎಲ್ಲರೂ ಸೇರಿ ಬರೆಯುವ ವೈಟ್‌ಬೋರ್ಡ್ ಮಾಡುತ್ತಿದ್ದೇನೆ. ಒಬ್ಬರೇ ಬರೆದರೆ ತೊಂದರೆಯಿಲ್ಲ. ಇಬ್ಬರು ಒಟ್ಟಿಗೆ ಪೆನ್ ಹಿಡಿದರೆ ಬೋರ್ಡಿನ ತುಂಬ ಅಡ್ಡಗೆರೆಗಳು ಬೀಳುತ್ತವೆ. ತಡವಾಗಿ ಬಂದವರಿಗೆ ಬೋರ್ಡ್ ಖಾಲಿ ಕಾಣುತ್ತದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ: ಎರಡು ತೊಂದರೆಗೂ ಬೇರು ಒಂದೇ. ಬೋರ್ಡ್ ಅಂದರೆ ಒಂದು ಚಿತ್ರ ಎಂದುಕೊಂಡು ಕೋಡ್ ಬರೆದಿದ್ದೀರಿ. ಅದನ್ನು ಗೆರೆಗಳ ಪಟ್ಟಿ ಎಂದುಕೊಳ್ಳಿ. ನೆಟ್‌ವರ್ಕ್‌ನಲ್ಲಿ ಓಡಾಡಬೇಕಾದದ್ದು ಆ ಪಟ್ಟಿ ಮಾತ್ರ; ಅದನ್ನು ನೋಡಿಕೊಂಡು ಚಿತ್ರ ಬಿಡಿಸಿಕೊಳ್ಳುವುದು ಪ್ರತಿಯೊಬ್ಬರ ಯಂತ್ರದ ಕೆಲಸ.

ಮೊದಲು ಅಡ್ಡಗೆರೆಯ ವಿಷಯ. ನಿಮ್ಮ ಕೋಡಿನಲ್ಲಿ ‘ಹಿಂದಿನ ಬಿಂದು’ ಎಂಬ ಒಂದೇ ಒಂದು ವೇರಿಯಬಲ್ ಇರಬೇಕು. ಹೊಸ ಬಿಂದು ಬಂದಾಗ ಹಿಂದಿನದರಿಂದ ಅಲ್ಲಿಗೆ ಗೆರೆ ಎಳೆಯುತ್ತೀರಿ. ಬೋರ್ಡಿನ ಎಡತುದಿಯಲ್ಲಿ ಒಬ್ಬರು, ಬಲತುದಿಯಲ್ಲಿ ಇನ್ನೊಬ್ಬರು ಬರೆಯುತ್ತಿದ್ದರೆ ಇವರದೊಂದು ಬಿಂದು, ಅವರದೊಂದು ಬಿಂದು ಬೆರೆತು ಬರುತ್ತವೆ. ಯಂತ್ರಕ್ಕೆ ವ್ಯತ್ಯಾಸ ಗೊತ್ತಿಲ್ಲ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಗೆರೆ ಎಳೆಯುತ್ತ ಜೇಡರ ಬಲೆ ನೇಯುತ್ತದೆ. ಪ್ರತಿ ಗೆರೆಗೂ ಒಂದು ಗುರುತು ಕೊಡಿ: ಬರೆಯುತ್ತಿರುವವರು ಯಾರೆಂದು ತಿಳಿಸುವ ಸಂಖ್ಯೆ, ಅದರ ಮುಂದೆ ಅವರ ಎಷ್ಟನೇ ಗೆರೆ ಎಂಬ ಎಣಿಕೆ. ಹಿಂದಿನ ಬಿಂದುವನ್ನು ಆ ಗುರುತಿನ ಜೊತೆಗೇ ಇಡಿ. ಮೂರು ಬಗೆಯ ಸಂದೇಶ ಸಾಕು: ಗೆರೆ ಶುರು (ಗುರುತು, ಬಣ್ಣ, ದಪ್ಪ), ಬಿಂದುಗಳು, ಗೆರೆ ಮುಗಿಯಿತು. ಬರೆಯುತ್ತಿದ್ದಾಗಲೇ ಸಂಪರ್ಕ ಕಡಿದುಹೋದರೆ ಮೂರನೆಯದು ಬರುವುದೇ ಇಲ್ಲ. ಆಗ ಅವರ ತೆರೆದ ಗೆರೆಗಳನ್ನು ಸರ್ವರ್ ತಾನೇ ಮುಗಿಸಬೇಕು.

ಇಷ್ಟೆಲ್ಲ ಯಾಕೆ, ಚಿತ್ರವನ್ನೇ ಕಳಿಸಿದರಾಗದೇ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ. 2048 ಅಗಲ, 1024 ಎತ್ತರದ ಬೋರ್ಡಿಗೆ ಪಿಕ್ಸೆಲ್‌ಗೆ 4 ಬೈಟ್‌ನಂತೆ 8 ಎಂಬಿ. ಬಿಂದುವಿನ ಎಕ್ಸ್, ವೈ ಎರಡಕ್ಕೂ ತಲಾ 2 ಬೈಟ್ ಕೊಟ್ಟರೆ 4 ಬೈಟ್. ಎರಡು ಬೈಟ್‌ನಲ್ಲಿ 65,536 ಮಟ್ಟಗಳಿವೆ. 2 ಮೀಟರ್ ಬೋರ್ಡಿನ ಮೇಲೆ ಇದು 0.03 ಮಿಲಿಮೀಟರ್ ನಿಖರತೆ, ಕೈನಡುಕಕ್ಕಿಂತ ಎಷ್ಟೋ ಸಣ್ಣದು. ಸೆಕೆಂಡಿಗೆ 72 ಫ್ರೇಮ್ ಓಡುವ ಹೆಡ್‌ಸೆಟ್‌ನಿಂದ ಫ್ರೇಮಿಗೊಂದು ಬಿಂದುವಿನಂತೆ ಬರುವುದು ಸೆಕೆಂಡಿಗೆ ಹೆಚ್ಚೆಂದರೆ 288 ಬೈಟ್. ಆದರೆ ಫ್ರೇಮಿಗೊಂದು ಸಂದೇಶ ಕಳಿಸಬೇಡಿ, ಬಿಂದುಗಳಿಗಿಂತ ಸಂದೇಶದ ಹೊದಿಕೆಯೇ ಭಾರವಾಗುತ್ತದೆ. 50 ಮಿಲಿಸೆಕೆಂಡ್ ಕೂಡಿಟ್ಟು, ಮೂರು ನಾಲ್ಕು ಬಿಂದುಗಳನ್ನು ಒಟ್ಟಿಗೆ ಕಳಿಸಿ. ಬರೆಯುವವರ ಸ್ವಂತ ಗೆರೆ ಮಾತ್ರ ಸರ್ವರ್‌ಗೆ ಕಾಯದೆ ಅಲ್ಲೇ ತಕ್ಷಣ ಮೂಡಬೇಕು. ಪೆನ್ನಿನ ಹಿಂದೆ ಶಾಯಿ ಓಡಿಬರುವಂತಾದರೆ ಯಾರಿಗೂ ಬರೆಯಲು ಮನಸ್ಸಾಗುವುದಿಲ್ಲ.

ತಡವಾಗಿ ಬಂದವರದು ಇನ್ನೂ ಸೂಕ್ಷ್ಮ. ಸರ್ವರ್ ಪ್ರತಿ ಸಂದೇಶಕ್ಕೂ ಏರುಕ್ರಮದ ಸಂಖ್ಯೆ ಹಾಕಲಿ, ಪಟ್ಟಿಯನ್ನು ಉಳಿಸಿಕೊಳ್ಳಲಿ. ಹೊಸಬರು ಬಂದಾಗ ಪಟ್ಟಿಯ ಪ್ರತಿಯನ್ನು, ಅದು ಯಾವ ಸಂಖ್ಯೆಯವರೆಗಿನದು ಎಂಬ ಮಾಹಿತಿಯ ಜೊತೆ ಕೊಡಲಿ. ಅರ್ಧಕ್ಕೆ ಬರೆದಿರುವ ಗೆರೆಗಳೂ ಅದರಲ್ಲಿರಬೇಕು. ಇಲ್ಲಿ ಬಹಳ ಜನ ಪಟ್ಟಿ ತರಿಸಿಕೊಂಡ ಮೇಲೆ ನೇರ ಸಂದೇಶಗಳನ್ನು, ಅಂದರೆ ಆಗಷ್ಟೇ ಬರೆಯುತ್ತಿರುವ ಗೆರೆಗಳ ಸಂದೇಶಗಳನ್ನು, ಕೇಳಲು ಶುರು ಮಾಡುತ್ತಾರೆ. ಆ ನಡುವಿನ ಕಾಲು ಸೆಕೆಂಡಿನಲ್ಲಿ ಬರೆದದ್ದು ಅವರಿಗೆ ಎಂದೂ ಕಾಣುವುದಿಲ್ಲ. ಒಂದು ಅಕ್ಷರಕ್ಕೆ ತಲೆಕಟ್ಟೇ ಇಲ್ಲ ಎಂಬಂಥ ದೂರು ಬರುವುದು ಹೀಗೆ. ಕ್ರಮ ತಿರುಗಿಸಿ. ಮೊದಲು ನೇರ ಸಂದೇಶಗಳನ್ನು ಕೇಳಲು ಶುರು ಮಾಡಿ, ಬಂದದ್ದನ್ನು ಪಕ್ಕಕ್ಕಿಟ್ಟುಕೊಳ್ಳಿ, ಆಮೇಲೆ ಪಟ್ಟಿ ತರಿಸಿ ಬಿಡಿಸಿ, ಪಕ್ಕಕ್ಕಿಟ್ಟದ್ದರಲ್ಲಿ ಪಟ್ಟಿಯ ಸಂಖ್ಯೆಗಿಂತ ಮುಂದಿನವನ್ನು ಮಾತ್ರ ಸೇರಿಸಿ.

ಅಳಿಸುವ ಡಸ್ಟರ್ ಬಿಳಿ ಬಣ್ಣದ ಗೆರೆಯಾಗಿದ್ದರೆ ಒಂದು ಅಪಾಯವಿದೆ. ಒಬ್ಬರು ಅಳಿಸುತ್ತಿರುವ ಜಾಗದಲ್ಲೇ ಇನ್ನೊಬ್ಬರು ಬರೆದರೆ, ಯಾವುದು ಮೊದಲು ತಲುಪಿತು ಎಂಬುದರ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬೋರ್ಡ್ ಕಾಣುತ್ತದೆ. ಅದಕ್ಕೇ ಎರಡು ಪದರ ಇಡುವುದು ಒಳ್ಳೆಯದು: ಮೇಲಿನ ಪದರದಲ್ಲಿ ಈಗ ಬರೆಯುತ್ತಿರುವ ಗೆರೆಗಳು, ಕೆಳಗಿನದರಲ್ಲಿ ಸರ್ವರ್ ಕೊಟ್ಟ ಸಂಖ್ಯೆಯ ಕ್ರಮದಲ್ಲಿ ಮುಗಿದ ಗೆರೆಗಳು. ‘ಅನ್‌ಡೂ’ ಅವರವರ ಗೆರೆಗೆ ಮಾತ್ರ ಅನ್ವಯಿಸಲಿ. ಇಲ್ಲದಿದ್ದರೆ ನೀವು ತಪ್ಪು ತಿದ್ದಲು ಹೋಗಿ ಪಕ್ಕದವರ ಚಿತ್ರ ಅಳಿಸುತ್ತೀರಿ.

ಬಿಡಿಸುವ ಹಂತದಲ್ಲಿ ಕಾಡುವುದು ಹೆಚ್ಚಾಗಿ ಸಣ್ಣ ವಿಷಯಗಳೇ. ಬ್ರೌಸರ್‌ನಲ್ಲಿ 3ಡಿ ಬಿಡಿಸುವ ತ್ರೀ.ಜೆಎಸ್ ಲೈಬ್ರರಿಯಲ್ಲಿ ಪೆನ್ನಿನ ಕಿರಣ ಬೋರ್ಡಿಗೆ ತಾಗಿದ ಜಾಗ ಯುವಿಯಾಗಿ, ಅಂದರೆ ಅಗಲಕ್ಕೊಂದು (ಯು), ಎತ್ತರಕ್ಕೊಂದು (ವಿ) ಎಂದು 0ರಿಂದ 1ರೊಳಗಿನ ಎರಡು ಬೆಲೆಗಳಾಗಿ ಸಿಗುತ್ತದೆ. ಅದರ ಸೊನ್ನೆ ಕೆಳ ಎಡಮೂಲೆ, ಗೆರೆ ಬಿಡಿಸುವ ಬ್ರೌಸರ್ ಕ್ಯಾನ್ವಾಸಿನ ಸೊನ್ನೆ ಮೇಲಿನ ಎಡಮೂಲೆ. ಹಾಗಾಗಿ ವಿ ಬೆಲೆಯನ್ನು 1ರಿಂದ ಕಳೆದು ಎತ್ತರದಿಂದ ಗುಣಿಸಿ. ಮರೆತರೆ ಬರೆದದ್ದು ತಲೆಕೆಳಗಾಗುತ್ತದೆ. ಕ್ಯಾನ್ವಾಸ್ ಬದಲಾಯಿತೆಂದು ಟೆಕ್ಸ್ಚರ್‌ಗೆ (ಬೋರ್ಡಿನ ಮೇಲ್ಮೈಗೆ ಹೊದಿಸಿದ ಚಿತ್ರಕ್ಕೆ) ಹೇಳುವ ಗುರುತನ್ನು ಪ್ರತಿ ಬಿಂದುವಿಗೂ ಅಲ್ಲ, ಬದಲಾವಣೆ ಇದ್ದ ಫ್ರೇಮಿಗೊಮ್ಮೆ ಮಾತ್ರ ಹಾಕಿ. ಪ್ರತಿ ಸಲವೂ ಆ 8 ಎಂಬಿ ಪೂರ್ತಿಯಾಗಿ ಗ್ರಾಫಿಕ್ಸ್ ಮೆಮೊರಿಗೆ ಹೋಗುತ್ತದೆ.

ಪೆನ್ ತಾಗಿತೇ ಬಿಟ್ಟಿತೇ ಎನ್ನುವುದಕ್ಕೆ ಒಂದೇ ಅಂತರ ಇಟ್ಟರೆ ಗೆರೆ ಚುಕ್ಕಿ ಚುಕ್ಕಿಯಾಗುತ್ತದೆ. ಗಾಳಿಯಲ್ಲಿ ಹಿಡಿದ ಕೈಗೆ ಆಸರೆ ಇಲ್ಲ, ಮಿಲಿಮೀಟರ್‌ಗಟ್ಟಲೆ ಹಿಂದೆಮುಂದೆ ಆಡುತ್ತದೆ. ಅರ್ಧ ಸೆಂಟಿಮೀಟರ್ ಒಳಗೆ ಬಂದರೆ ಶುರು, ಒಂದೂವರೆ ಸೆಂಟಿಮೀಟರ್ ದಾಟಿದರೆ ಮುಕ್ತಾಯ ಎಂದು ಬೇರೆ ಬೇರೆ ಇಡಿ. ಕೈ ಬೋರ್ಡಿನೊಳಗೆ ತೂರಿದರೂ ಕಾಣುವ ಪೆನ್ನಿನ ತುದಿ ಮೇಲ್ಮೈಯಲ್ಲೇ ನಿಲ್ಲಲಿ.

ಸೆಕೆಂಡ್ ಲೈಫ್ ಎಂಬ ಆನ್‌ಲೈನ್ 3ಡಿ ಲೋಕದಲ್ಲಿ ಕಟ್ಟುವವರಿಗೆ ಬೇರೆಯದೇ ಬಲೆ. ಅಲ್ಲಿ ಪ್ರಿಮ್‌ನ (ವಸ್ತುಗಳನ್ನು ಕಟ್ಟುವ ಮೂಲ ಆಕಾರದ) ಮುಖದ ಮೇಲೆ ವೆಬ್ ಪುಟ ಅಂಟಿಸಬಹುದು. ಅಂಟಿಸಿ ಬರೆದರೆ ಪಕ್ಕದವರಿಗೆ ಏನೂ ಕಾಣುವುದಿಲ್ಲ. ಎಲ್ಲರಿಗೂ ಒಂದೇ ಆಗಿರುವುದು ಪುಟದ ವಿಳಾಸ ಮಾತ್ರ, ಪುಟ ತೆರೆಯುವುದು ಅವರವರ ಬ್ರೌಸರ್‌ನಲ್ಲಿ. ಆದ್ದರಿಂದ ಗೆರೆಗಳನ್ನು ಹಂಚುವ ಸರ್ವರ್ ಆ ಪುಟದ ಹಿಂದೆ ಇರಲೇಬೇಕು. ಅದೇ ಬಗೆಯ ಲೋಕ ಕಟ್ಟಲು ಬಳಸುವ ಮುಕ್ತ ತಂತ್ರಾಂಶ ಓಪನ್‌ಸಿಮ್‌ನಲ್ಲಿ ಸ್ಕ್ರಿಪ್ಟ್‌ನಿಂದಲೇ ಗೆರೆ ಎಳೆಯುವ ಆಜ್ಞೆಗಳಿವೆ, ಆದರೆ ಅವು ಪ್ರತಿ ಸಲ ಹೊಸ ಟೆಕ್ಸ್ಚರ್ ಮಾಡಿ ಎಲ್ಲರಿಗೂ ಇಳಿಸುತ್ತವೆ. ಸೂಚನಾ ಫಲಕಕ್ಕೆ ಸರಿ, ಕೈಬರಹಕ್ಕೆ ಆಗದು.

ಟೈಪ್ ಮಾಡಿದ ಕನ್ನಡವೂ ಬೋರ್ಡಿಗೆ ಬೇಕಿದ್ದರೆ ಮೊದಲೇ ಪರೀಕ್ಷಿಸಿ. ಬ್ರೌಸರ್ ಕ್ಯಾನ್ವಾಸ್ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ಆಟಗಳನ್ನು ಕಟ್ಟುವ ಯೂನಿಟಿ ತಂತ್ರಾಂಶದಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೊ ತಾನಾಗಿಯೇ ಜೋಡಿಸುವುದಿಲ್ಲ. ‘ಸ್ತ್ರೀ’ ಎಂದು ಟೈಪ್ ಮಾಡಿದರೆ ಸ, ತ, ರ ಬಿಡಿಬಿಡಿಯಾಗಿ, ನಡುವೆ ಹಲಂತ (್) ಚಿಹ್ನೆಗಳ ಜೊತೆ ನಿಲ್ಲುತ್ತವೆ. ಸಾಲುಗಳ ನಡುವೆ ರೋಮನ್ ಲಿಪಿಗಿಂತ ಹೆಚ್ಚು ಜಾಗ ಬಿಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. 2 ಮೀಟರ್ ದೂರದಿಂದ ಓದಬೇಕಾದ ಅಕ್ಷರ ಮೂರೂವರೆ ಸೆಂಟಿಮೀಟರ್‌ಗಿಂತ ಚಿಕ್ಕದಿರಬಾರದು; ಅಷ್ಟು ದೂರದಲ್ಲಿ ಅದು ಕಣ್ಣಿಗೆ ಸುಮಾರು ಒಂದು ಡಿಗ್ರಿ.

ಕೊನೆಗೆ ಪರೀಕ್ಷೆಯನ್ನು ಒಂದೇ ಮೇಜಿನ ಎರಡು ಯಂತ್ರಗಳ ನಡುವೆ ಮಾಡಿ ಮುಗಿಸಬೇಡಿ, ಅಲ್ಲಿ ವಿಳಂಬ ಇಲ್ಲವೆನ್ನುವಷ್ಟು ಕಡಿಮೆ ಇರಬಹುದು. ಬೇಕೆಂದೇ 200 ಮಿಲಿಸೆಕೆಂಡ್ ತಡ ಸೇರಿಸಿ. ಇಬ್ಬರು ಬರೆಯುತ್ತಿರುವಾಗಲೇ ಮೂರನೆಯವರನ್ನು ಒಳಗೆ ಕರೆಯಿರಿ, ಒಬ್ಬರ ನೆಟ್ ನಡುವೆ ಕಡಿಯಿರಿ, ನಂತರ ಮೂವರ ಬೋರ್ಡಿನ ಚಿತ್ರ ತೆಗೆದು ಅಕ್ಕಪಕ್ಕ ಇಟ್ಟು ನೋಡಿ.