ಪದ ಪರಿಚಯ: ಹೋಲ್‌ಟೈಮರ್

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಯಾವುದಾದರೂ ಧರಣಿ ಟೆಂಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಮೈಕ್ ಹಿಡಿದವರು ಯಾರೋ, ಫೋಟೊಕ್ಕೆ ಮುಂದೆ ನಿಲ್ಲುವವರು ಇನ್ಯಾರೋ. ಶಾಮಿಯಾನದವನಿಗೆ ದುಡ್ಡು ಹೊಂದಿಸುವುದು, ಹಳ್ಳಿಯಿಂದ ಬಂದವರದು ಊಟ ಆಯ್ತಾ ಅಂತ ಕೇಳುವುದು, ಮನವಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು, ಇದೆಲ್ಲ ಮಾಡುವವರು ಮಾತ್ರ ಬೇರೆ. ಅವರು ಯಾರು ಅಂತ ವಿಚಾರಿಸಿದರೆ, 'ಅವ್ರು ಹೋಲ್‌ಟೈಮರ್ ಅದಾರ್ರೀ' ಅನ್ನುತ್ತಾರೆ.

ಕರಪತ್ರದಲ್ಲಿ ಇದನ್ನೇ 'ಪೂರ್ಣಾವಧಿ ಕಾರ್ಯಕರ್ತ' ಅಂತ ಬರೆಯುತ್ತಾರೆ. ನೌಕರಿ, ವ್ಯಾಪಾರ ಏನೂ ಇಟ್ಟುಕೊಳ್ಳದೆ ಸಂಘಟನೆಯ ಕೆಲಸವನ್ನೇ ಬದುಕು ಮಾಡಿಕೊಂಡವರು. ಸಂಘಟನೆ ತಿಂಗಳಿಗಿಷ್ಟು ಅಂತ ಸಣ್ಣ ಅಲವೆನ್ಸ್ ಕೊಡುತ್ತದೆ. ಅದೂ ಚಂದಾ ಕೂಡಿದರೆ.

ಪದ ನಮ್ಮಲ್ಲಿಗೆ ಬಂದದ್ದು ಎಡಪಕ್ಷಗಳ ಮೂಲಕ. ಕ್ರಾಂತಿಯನ್ನೇ ಕಸುಬು ಮಾಡಿಕೊಂಡವರು ಪಕ್ಷಕ್ಕೆ ಬೇಕು ಅಂತ ಲೆನಿನ್ 1902ರಲ್ಲೇ ವಾದಿಸಿದ್ದರು. ಆದರೆ ಇಂಥ ಬದುಕು ಎಡದವರ ಸ್ವಂತ ಆಸ್ತಿಯೇನಲ್ಲ. ಆರೆಸ್ಸೆಸ್ಸಿನಲ್ಲಿ ಪ್ರಚಾರಕರಿದ್ದಾರೆ. ಗಾಂಧಿ ದಾರಿಯ ಸರ್ವೋದಯದವರಲ್ಲಿ ಬದುಕನ್ನೇ ಆ ಕೆಲಸಕ್ಕೆ ಕೊಟ್ಟುಬಿಡುವುದಕ್ಕೆ 'ಜೀವನದಾನ' ಅಂತಲೇ ಒಂದು ಮಾತಿತ್ತು. 1954ರಲ್ಲಿ ಜಯಪ್ರಕಾಶ ನಾರಾಯಣರು ಹಾಗೆ ಜೀವನದಾನ ಮಾಡಿದರು. ಅಮೆರಿಕದಲ್ಲಿ ಓದುವಾಗ ಮಾರ್ಕ್ಸ್‌ವಾದಿಯಾದವರು ಅವರು. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷ ಕಟ್ಟಿದವರಲ್ಲಿ ಒಬ್ಬರು. ಆಮೇಲೆ ಭೂದಾನ, ಕೊನೆಗೆ 1974ರ ಸಂಪೂರ್ಣ ಕ್ರಾಂತಿ. ನಂಬಿಕೆ ಮೂರ್ನಾಲ್ಕು ಸಲ ತಿರುವು ತೆಗೆದುಕೊಂಡಿತು. ಕೊಟ್ಟ ಹೊತ್ತನ್ನು ಮಾತ್ರ ಅವರು ವಾಪಸ್ ಕೇಳಲಿಲ್ಲ.

ಈ ಪದ ಅರ್ಥವಾಗಬೇಕಾದರೆ ಇಲ್ಲೇ ಸ್ವಲ್ಪ ನಿಲ್ಲಬೇಕು. ಹೋಲ್‌ಟೈಮರ್ ಅಂದರೆ ಒಂದೇ ಬೇಡಿಕೆ ಹಿಡಿದು ಜೀವಮಾನ ಪೂರ್ತಿ ಕೂರುವ ಹಟಮಾರಿ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಸಿಂಧನೂರು, ಗಂಗಾವತಿ ಕಡೆಯ ಹಳಬರನ್ನು ಮಾತಾಡಿಸಿದರೆ ಬೇರೆಯೇ ಚಿತ್ರ ಸಿಗುತ್ತದೆ: ಬೇಡಿಕೆ ಬದಲಾಗುತ್ತಲೇ ಹೋಗಿದೆ. ಅವರ ಕಥೆಯನ್ನು ಬರೀ ಫಾರಂ ನಂಬರಿನಲ್ಲೇ ಹೇಳಿಬಿಡಬಹುದು.

ಮೊದಲು ಫಾರಂ 7. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಗೇಣಿದಾರರು ಭೂನ್ಯಾಯ ಮಂಡಳಿಗೆ ಹಾಕಿದ ಅರ್ಜಿ ಅದು. ಉಳುವವನೇ ಒಡೆಯ ಅನ್ನುವ ಘೋಷಣೆ ಕೂಗಿಕೊಂಡು ಊರೂರು ತಿರುಗಿ ಅರ್ಜಿ ತುಂಬಿಸಿದರು. ಗೆದ್ದ ಕಡೆ ಗೇಣಿದಾರರ ಹೆಸರು ಪಹಣಿಗೆ ಬಂತು. ಆಮೇಲೆ ಕಣ್ಣಿಗೆ ಬಿದ್ದದ್ದು ಇನ್ನೊಂದು. ಆ ಹೊಲದಲ್ಲಿ ಬಗ್ಗಿ ನಾಟಿ ಮಾಡುವ ಕೂಲಿಯವರಿಗೆ ಇದರಿಂದ ಏನೂ ಸಿಗಲಿಲ್ಲ. ಅವರು ಗೇಣಿದಾರರೇ ಅಲ್ಲವಲ್ಲ. ಅವರಲ್ಲಿ ಹೆಚ್ಚಿನವರು ದಲಿತರು, ಅದರಲ್ಲೂ ಹೆಂಗಸರು. ಸರ್ಕಾರಿ ಜಮೀನು ಉಳುತ್ತಿದ್ದವರಿಗಾಗಿ ಬಗರ್ ಹುಕುಂ ಹೋರಾಟ ಬಂತು. ಆ ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಹಾಕುವ ಅರ್ಜಿಗಳು 1990ರ ದಶಕದಲ್ಲಿ ಫಾರಂ 50, ಫಾರಂ 53. 2018ರಲ್ಲಿ ಫಾರಂ 57. ಅಪ್ಪ ಹಾಕಿದ ಅರ್ಜಿಯ ರಸೀದಿ ಹಿಡಿದು ಮಗ ತಾಲೂಕು ಆಫೀಸಿಗೆ ಅಲೆಯುವುದು ಈ ಭಾಗದಲ್ಲಿ ಹೊಸದೇನಲ್ಲ.

ಆಮೇಲೆ ಫಾರಂ ನಂಬರ್ 6. ಉದ್ಯೋಗ ಖಾತ್ರಿ ಕಾಯ್ದೆ ಬಂದದ್ದು 2005ರಲ್ಲಿ. ಮೊದಲ ಹಂತದಲ್ಲೇ ರಾಯಚೂರು ಜಿಲ್ಲೆ ಸೇರಿತ್ತು. ಈ ಫಾರಂ ಕೆಲಸ ಕೇಳುವ ಅರ್ಜಿ. ಬರೀ ಅರ್ಜಿ ಕೊಟ್ಟು ಬಂದರೆ ಕೆಲಸ ಕೆಟ್ಟಿತು. ತಾರೀಖು ಹಾಕಿದ ಸ್ವೀಕೃತಿ ಕೈಗೆ ಬರಬೇಕು. 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೇಳುವ ಹಕ್ಕಿತ್ತು, ಆದರೆ ಆ ಚೀಟಿ ಇಲ್ಲದೆ ಯಾವತ್ತು ಕೇಳಿದ್ದು ಅಂತ ತೋರಿಸುವುದು ಹೇಗೆ? ಪಂಚಾಯ್ತಿಯಲ್ಲಿ 'ಇಟ್ಟು ಹೋಗ್ರಿ, ನೋಡೋಣು' ಅನ್ನುತ್ತಾರೆ. ಹೋಲ್‌ಟೈಮರ್ ಹೆಂಗಸರಿಗೆ ಹೇಳಿಕೊಡುವುದು ಒಂದೇ ಮಾತು: 'ಚೀಟಿ ಕೊಡೋ ತನಕ ಕಟ್ಟಿ ಇಳೀಬ್ಯಾಡ್ರವ್ವಾ.' ಆ ಕೆಲಸದಲ್ಲಿ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ. ಗದ್ದೆಯಲ್ಲಿ ಅರ್ಧ ಕೂಲಿಗೆ ದುಡಿದವರು ಆಗ ಕೇಳಿದ ಪ್ರಶ್ನೆಗಳಿಗೆ ಹಳೇ ಭಾಷಣಗಳಲ್ಲಿ ಉತ್ತರ ಇರಲಿಲ್ಲ.

ದೇವದಾಸಿ ಪದ್ಧತಿಯ ವಿಷಯದಲ್ಲೂ ಹೀಗೇ ಆಯಿತು. ಮುತ್ತು ಕಟ್ಟುವುದನ್ನು, ಅಂದರೆ ಹೆಣ್ಣುಮಕ್ಕಳನ್ನು ದೇವರ ಹೆಸರಿಗೆ ಬಿಡುವುದನ್ನು ನಿಷೇಧಿಸುವ ಕಾಯ್ದೆ 1982ರದು. ಪದ್ಧತಿ ನಿಲ್ಲಿಸಿ ಅನ್ನುವುದು ಮೊದಲ ಬೇಡಿಕೆ. ಆಮೇಲೆ ಆ ತಾಯಂದಿರಿಗೆ ಪಿಂಚಣಿ, ಮನೆ, ಭೂಮಿ. 1993-94 ಮತ್ತು 2007-08ರ ಎರಡು ಸಮೀಕ್ಷೆ ಸೇರಿ ರಾಜ್ಯದಲ್ಲಿ 46,660 ಜನರ ಲೆಕ್ಕ ಸಿಕ್ಕಿತು. ಪಟ್ಟಿಯಿಂದ ಹೊರಗುಳಿದವರದು ಇನ್ನೊಂದು ಹೋರಾಟ. ಅದರ ಹಿಂದೆಯೇ ಮಕ್ಕಳ ಮಾತು ಬಂತು. ಶಾಲೆಯ ಅರ್ಜಿಯಲ್ಲಿ ತಂದೆ ಹೆಸರಿನ ಕಾಲಂ ಇರುತ್ತದಲ್ಲ, ಅಲ್ಲಿ ಏನು ಬರೆಯುವುದು? 2025ರಲ್ಲಿ ಬಂದ ಹೊಸ ಕಾನೂನು ಆ ಮಕ್ಕಳ ಹಕ್ಕನ್ನೂ ಎತ್ತಿಕೊಂಡಿತು. ಈ ಹೋರಾಟವನ್ನು ಮುಂದೆ ತಂದವರಲ್ಲಿ ಆ ಪದ್ಧತಿಯಲ್ಲಿ ನೊಂದ ಹೆಂಗಸರೇ ಇದ್ದಾರೆ. ಹಾಗಾಗಿ 'ಕಾರ್ಯಕರ್ತ' ಅನ್ನುವ ಗಂಡು ರೂಪ ಈಗ ಅಷ್ಟು ಸರಿಹೋಗುವುದಿಲ್ಲ.

ಹೊತ್ತು ಎಷ್ಟು ಬೇಕಾಗುತ್ತದೆ ಅನ್ನುವುದಕ್ಕೆ ಗಂಗಾವತಿ ತಾಲೂಕಿನ ಮರಕುಂಬಿ ಸಾಕು. ಅಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿದ್ದದ್ದು 2014ರ ಆಗಸ್ಟಿನಲ್ಲಿ. ಕ್ಷೌರದಂಗಡಿ, ಹೋಟೆಲ್ ಪ್ರವೇಶದ ತಕರಾರು ಅದರ ಹಿಂದಿತ್ತು. ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರಿನಲ್ಲಿ. ಆಮೇಲೆ ಹೈಕೋರ್ಟು, ಜಾಮೀನು. ಹತ್ತು ವರ್ಷ ಸಾಕ್ಷಿಗಳು ಅದೇ ಊರಿನಲ್ಲಿ, ಅದೇ ಜನರ ನಡುವೆ ಬದುಕಬೇಕು. ಇಂಥ ಕೇಸುಗಳಲ್ಲಿ ಸುದ್ದಿ ತಣ್ಣಗಾದ ಮೇಲೂ ಆ ಮನೆಗಳಿಗೆ ಹೋಗಿ ಬರುವವರು ಬೇಕು. ಬಿಡುವಾದಾಗ ಬರುವವರಿಂದ ಅದು ಸಾಗುವುದಿಲ್ಲ.

ಪದದ ಬಗ್ಗೆ ನನ್ನದೊಂದು ತಕರಾರು ಇದೆ. ಸಂಬಂಧಿಕರು ಹೋಲ್‌ಟೈಮರನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ: 'ಮತ್ತ ಹೊಟ್ಟಿಗೇನ್ ಮಾಡ್ತೀರಿ?' ಉತ್ತರ ಎಷ್ಟೋ ಮನೆಗಳಲ್ಲಿ ಅಡುಗೆಮನೆಯಲ್ಲಿ ನಿಂತಿರುತ್ತದೆ. ಹೆಂಡತಿ ಅಂಗನವಾಡಿಗೆ ಹೋಗುತ್ತಾರೆ, ಇಲ್ಲವೇ ಹೊಲಿಗೆ ಮಷಿನ್ ತುಳಿಯುತ್ತಾರೆ. ಮಕ್ಕಳ ಫೀಸು, ಅತ್ತೆಯ ಔಷಧಿ ಅವರದೇ ಲೆಕ್ಕ. ಆತನ ಫುಲ್ ಟೈಮು ನಡೆಯುವುದು ಈಕೆಯ ಡಬಲ್ ಡ್ಯೂಟಿಯ ಮೇಲೆ. ಸನ್ಮಾನದ ದಿನ ಈಕೆಗೂ ಒಂದು ಶಾಲು ಹಾಕಿ ಮುಗಿಸುತ್ತಾರೆ. ಸಮಾನತೆಯ ಮಾತಾಡುವವರು ಇದನ್ನು ಸುಮ್ನೆ ದಾಟಿ ಹೋಗಬಾರದು ಅಲ್ವಾ?

ಬಳಕೆಯ ಬಗ್ಗೆ ಇನ್ನೆರಡು ಮಾತು. ಸ್ವಯಂಸೇವಾ ಸಂಸ್ಥೆಯಲ್ಲಿ ಸಂಬಳಕ್ಕಿರುವವರನ್ನು ಹೋಲ್‌ಟೈಮರ್ ಅನ್ನುವುದಿಲ್ಲ, ದಿನವಿಡೀ ದುಡಿದರೂ ಕೂಡ. ಅವರು 'ಪ್ರಾಜೆಕ್ಟಿನವರು'. ಹಾಗೇ ಧರಣಿ ಎಷ್ಟು ಉದ್ದ ಅನ್ನುವುದೂ ಲೆಕ್ಕಕ್ಕಿಲ್ಲ. ಏಮ್ಸ್ ಆಸ್ಪತ್ರೆ ಬೇಕೆಂದು ರಾಯಚೂರಿನಲ್ಲಿ 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಅಲ್ಲಿ ಬಂದು ಕೂತವರೆಲ್ಲ ಹೋಲ್‌ಟೈಮರ್‌ಗಳಲ್ಲ, ಹೋರಾಟಗಾರರು. ಇನ್ನು 'ಅವರು ಹೋಲ್‌ಟೈಮ್ ಬಿಟ್ಟರು' ಅಂತ ಯಾರಾದರೂ ಅಂದರೆ ಚಳವಳಿ ಬಿಟ್ಟರು ಅಂತ ತಿಳಿಯಬೇಡಿ. ಮಗಳ ಕಾಲೇಜು ಫೀಸಿಗೋ, ಮನೆಯ ಸಾಲಕ್ಕೋ ಒಂದು ಜೆರಾಕ್ಸ್ ಅಂಗಡಿ ಹಾಕಿಕೊಂಡಿರುತ್ತಾರೆ ಅಷ್ಟೇ. ಮನವಿ ಪತ್ರ ಬರೆಸಲು ಜನ ಈಗ ಆ ಅಂಗಡಿಗೇ ಹೋಗುತ್ತಾರೆ.